ಅರ್ಧ ಮುಖದ ಪರೀಕ್ಷೆ

ಎಪ್ಪತ್ತು ದಾಟಿದ ಮೇಲೆ ಮುಖಕ್ಕೆ ಹೊಳಪು ತರುವ ಸೀರಮ್ಮಿನ ವಿಷಯದಲ್ಲಿ ಸಾಕ್ಷಿ ಹೇಳಬೇಕಾಗಿ ಬರುತ್ತದೆಂದು ನಾನು ಎಣಿಸಿರಲಿಲ್ಲ. ಈ ವಯಸ್ಸಿಗೆ ಮುಖವೆಂಬುದು ಬೇರೆಯವರು ನೋಡುವ ವಸ್ತು. ನಮಗೆ ಅದರ ನೆನಪಾಗುವುದು ತಲೆ ಬಾಚಿಕೊಳ್ಳುವಾಗ ಮಾತ್ರ. ಆದರೆ ಸಾಕ್ಷಿ ಕೇಳಿದವಳು ನನ್ನ ಸೊಸೆ. ಅವಳಿಗೆ ಅದು ನಿಜವಾಗಿಯೂ ಬೇಕಾಗಿತ್ತು.

ಅಣ್ಣಿಗೇರಿಯಲ್ಲಿ ಕಾಳುಕಡಿ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ನಮ್ಮ ಮನೆ. ಮಗ ಕಾಳಿನ ದಲ್ಲಾಳಿಯೊಬ್ಬರ ಅಡತಿ ಅಂಗಡಿಯಲ್ಲಿ ತೂಕದ ಕೆಲಸ ನೋಡಿಕೊಳ್ಳುತ್ತಾನೆ. ಸೊಸೆ ನಮ್ಮ ಪಡಸಾಲೆಯ ಅರ್ಧಕ್ಕೆ ಪರದೆ ಕಟ್ಟಿ, ಒಂದು ದೊಡ್ಡ ಕನ್ನಡಿ, ಒಂದು ತಿರುಗುವ ಕುರ್ಚಿ ಇಟ್ಟುಕೊಂಡು ಬ್ಯೂಟಿ ಪಾರ್ಲರ್ ನಡೆಸುತ್ತಾಳೆ. ಹುಬ್ಬಿನ ಕೂದಲನ್ನು ದಾರದಿಂದ ತೆಗೆಯುವುದು, ಮದುವೆಯ ಹೆಣ್ಣಿಗೆ ಸಿಂಗಾರ ಮಾಡುವುದು, ಮೆಹಂದಿ ಹಾಕುವುದು ಅವಳ ಕೆಲಸ. ಕೈ ಚಲೋ ಇದೆ. ಆದರೆ ಎರಡನೆಯ ಹೆರಿಗೆಯ ನಂತರ ಅವಳ ಎರಡೂ ಕೆನ್ನೆಗಳ ಮೇಲೆ ಬಂಗು ಕೂತಿತು. ಹಂಚಿನ ಮೇಲೆ ತುಸು ಹೆಚ್ಚು ಹೊತ್ತು ಬಿಟ್ಟ ರೊಟ್ಟಿಯ ಅಂಚಿನಂಥ ಬಣ್ಣ. ನಮ್ಮಂಥವರಿಗೆ ಅದೊಂದು ದೊಡ್ಡ ಸಂಗತಿಯಲ್ಲ. ಅವಳ ಕಸುಬಿಗೆ ಆಗಿತ್ತು. ಮದುವೆಯ ಹೆಣ್ಣೊಬ್ಬಳ ಅತ್ತೆ ಕನ್ನಡಿಯ ಮುಂದೆಯೇ ನಿಂತು, "ಮೊದಲ ನಿನ್ನ ಮಾರಿ ನೆಟ್ಟಗ ಮಾಡ್ಕೊ ನಮ್ಮವ್ವಾ, ಆಮ್ಯಾಲ ನಮ್ಮ ಹುಡುಗೀದು" ಎಂದು ಹೇಳಿಹೋಗಿದ್ದಳು. ಆ ಮದುವೆಯ ಕೆಲಸ ಗದಗಿನ ಪಾರ್ಲರಿಗೆ ಹೋಯಿತು. ಅಂದು ಸೊಸೆ ನನಗೆ ಹೇಳಿದ ಮಾತು ಇದು: "ಮಾರಿ ಚಂದ ಮಾಡಾಕಿ ಮಾರೀನ ಹಿಂಗಿದ್ರ ಯಾರ ಬರ್ತಾರ್ರಿ ಅತ್ತಿ?"

ಇಂಥ ಹೊತ್ತಿನಲ್ಲಿ ಆ ಬಾಟಲಿ ಬಂತು. ಕಂದು ಗಾಜಿನ ಸಣ್ಣ ಬಾಟಲಿ; ಮುಚ್ಚಳದಲ್ಲಿಯೇ ಹನಿ ಹಾಕುವ ಕೊಳವೆ; ಮೈಮೇಲೆ ಹೋಳು ಮಾಡಿದ ಕಿತ್ತಳೆಯ ಚಿತ್ರ. ವಿಟಮಿನ್ ಸಿ ಸೀರಮ್. ಅದರ ಕೆಳಗೆ 'ಶುದ್ಧ', 'ನಿಸರ್ಗದತ್ತ', 'ಕೆಮಿಕಲ್ ಇಲ್ಲದ್ದು' ಎಂಬ ಘೋಷಣೆಗಳು. ಕಂಪನಿಯ ಹೆಸರು ಇಲ್ಲಿ ಬೇಡ. ಅವರ ಕಡೆಯಿಂದ ಒಬ್ಬ ಹೆಂಗಸು ವಾರಕ್ಕೊಮ್ಮೆ ಸೊಸೆಗೆ ಫೋನು ಮಾಡುತ್ತಿದ್ದಳು; ಸೊಸೆ ಅವಳನ್ನು ಮ್ಯಾಡಮ್ ಎನ್ನುತ್ತಿದ್ದುದರಿಂದ ನಾನೂ ಹಾಗೆಯೇ ಕರೆಯುತ್ತೇನೆ. ಇಡೀ ತಾಲೂಕಿಗೆ ಒಬ್ಬರನ್ನೇ ಮಾರಾಟಕ್ಕೆ ನೇಮಿಸುತ್ತೇವೆ, ಪಾರ್ಲರಿಗೆ ಕಂಪನಿಯ ಬೋರ್ಡು ಹಾಕಿಸಿಕೊಡುತ್ತೇವೆ ಎಂದು ಮ್ಯಾಡಮ್ ಹೇಳಿದ್ದಳು. ಒಂದೇ ಷರತ್ತು: ಮನೆಯ ಹಿರಿಯರೊಬ್ಬರು ಇದನ್ನು ಬಳಸಿ, ಚೆನ್ನಾಗಿದೆ ಎಂದು ಹೇಳುವ ಒಂದು ವಿಡಿಯೋ ಬೇಕು.

"ನೀವು ಹೇಳಿದ್ರ ಅಗದಿ ಚಲೋ ಆಗತೈತ್ರಿ" ಎಂದಳು ಸೊಸೆ. "ನೀವು ಯಾವುದಕ್ಕೂ ಚಲೋ ಅನ್ನೂದಿಲ್ಲ ಅಂತ ಓಣಿಗೆಲ್ಲಾ ಗೊತ್ತೈತಿ. ನೀವ ಅಂದ್ರಿ ಅಂದ್ರ ಮಂದಿ ನಂಬತಾರ."

ನನ್ನ ಸಂಶಯದ ಸ್ವಭಾವವನ್ನೇ ಬಂಡವಾಳ ಮಾಡಿಕೊಳ್ಳುವ ಅವಳ ಜಾಣತನಕ್ಕೆ ನಗು ಬಂತು. ಆ ಸ್ವಭಾವ ಬಂದ ದಾರಿಯನ್ನೂ ಹೇಳಬೇಕು. ನಾನು ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಆಮೇಲೆ ಓದಿದ್ದೆಲ್ಲ ಕೈಗೆ ಸಿಕ್ಕಿದ್ದು: ಕಿರಾಣಿಯ ಕಾಗದದ ಪೊಟ್ಟಣ, ಬೀಜದ ಚೀಲ, ಹತ್ತಿಗೆ ಹೊಡೆಯುವ ಔಷಧಿಯ ಡಬ್ಬಿ, ಗುಳಿಗೆಯ ಜೊತೆಗೆ ಮಡಚಿಟ್ಟಿರುವ ಚೀಟಿ. ಗ್ರಂಥಾಲಯದ ನಿಘಂಟನ್ನು ಪಕ್ಕಕ್ಕಿಟ್ಟುಕೊಂಡು ಇಂಗ್ಲಿಷನ್ನು ಕಲಿತದ್ದೂ ಅಂಥ ಚೀಟಿಗಳಿಂದಲೇ. ಡಬ್ಬಿಯ ಮುಂಭಾಗದಲ್ಲಿ ದೊಡ್ಡ ಅಕ್ಷರದಲ್ಲಿ ಇರುವುದು ಮಾರುವವನ ಮಾತು, ಹಿಂಭಾಗದಲ್ಲಿ ಇರುವೆಯಂಥ ಅಕ್ಷರದಲ್ಲಿ ಇರುವುದು ಸರಕಿನ ಮಾತು ಎಂಬ ತಿಳಿವು ನನಗೆ ಬಂದದ್ದು ಹೀಗೆ.

ಭೂತಗನ್ನಡಿ ತರಿಸಿ ಹಿಂಭಾಗವನ್ನು ಓದಿದೆ. ಯಾವುದು ಹೆಚ್ಚಿದೆಯೋ ಅದನ್ನು ಮೊದಲು ಬರೆಯುವುದು ಇಂಥ ಪಟ್ಟಿಗಳ ರೂಢಿ. ಮೊದಲು ಇದ್ದದ್ದು ನೀರು. ಆಮೇಲೆ ಆಸ್ಕಾರ್ಬಿಕ್ ಆಮ್ಲ. ಹಲ್ಲಿನ ಸಂದಿಯಲ್ಲಿ ರಕ್ತ ಬಂದಾಗ ವೈದ್ಯರು ಚೀಪಲು ಕೊಡುವ ಹುಳಿ ಗುಳಿಗೆಯಲ್ಲಿರುವುದೂ ಅದೇ. ಅದರ ಮುಂದೆ ನಾಲಗೆ ತಿರುಗದ ಏಳೆಂಟು ಹೆಸರುಗಳು. ಕೊನೆಗೆ 'ಪರಿಮಳ' ಎಂದಿತ್ತು. ಆ ಪರಿಮಳ ಯಾವುದರದೆಂದು ಹೇಳಿರಲಿಲ್ಲ. ಕಿತ್ತಳೆ ಎಲ್ಲಿಯೂ ಇರಲಿಲ್ಲ.

"ಕಿತ್ತಳಿ ಚಿತ್ರದಾಗ ಅಷ್ಟ ಐತಿ" ಎಂದೆ. "ಮತ್ತ ಕೆಮಿಕಲ್ ಇಲ್ಲದ್ದು ಅಂತಾರಲ್ಲ, ಈ ಆಮ್ಲ ಏನು? ನೀರೂ ಒಂದ ಕೆಮಿಕಲ್. ಉಪ್ಪೂ ಒಂದ ಕೆಮಿಕಲ್."

"ಅತ್ತಿ, ನೀವು ಉಪ್ಪಿನ ತನಕ ಹೋದ್ರ ನನ್ನ ಬಂಗು ಮುದುಕಿ ಆದ ಮ್ಯಾಲ ಹೋಗತೈತಿ" ಎಂದಳು ಅವಳು. "ಕೆಲಸ ಮಾಡತೈತೋ ಇಲ್ಲೋ, ಅದನ್ನಷ್ಟ ನೋಡ್ರಿ."

ಅದು ನ್ಯಾಯವಾದ ಮಾತು. ಸುಳ್ಳು ಹೇಳುವವನ ಎತ್ತು ಕೂಡ ನೆಟ್ಟಗೆ ಉಳಬಹುದು. ನೋಡುತ್ತೇನೆ ಎಂದೆ, ಆದರೆ ನನ್ನ ರೀತಿಯಲ್ಲಿ. ಹೊಸ ಗೊಬ್ಬರ ಬಂದರೆ ನಮ್ಮ ಹಿರಿಯರು ಅರ್ಧ ಹೊಲಕ್ಕೆ ಮಾತ್ರ ಹಾಕಿ, ಉಳಿದರ್ಧವನ್ನು ಹಾಗೆಯೇ ಬಿಡುತ್ತಿದ್ದರು. ಎರಡೂ ಕಡೆ ಹಾಕಿದವನಿಗೆ ಪೈರು ಬಂದದ್ದು ಗೊಬ್ಬರದಿಂದಲೋ ಮಳೆಯಿಂದಲೋ ತಿಳಿಯುವುದಿಲ್ಲ. ಆದ್ದರಿಂದ ಹಣೆಯಿಂದ ಗಲ್ಲದವರೆಗೆ ಎಡಗಡೆಗೆ ಮಾತ್ರ ಹಚ್ಚಿಕೊಳ್ಳುವುದು, ಬಲಗಡೆಯನ್ನು ಬಿಟ್ಟುಬಿಡುವುದು ಎಂದು ನಿರ್ಧರಿಸಿದೆ. ಸೊಸೆಗೂ ಹಾಗೆಯೇ ಮಾಡು ಎಂದೆ. ಅವಳು ಕೇಳಲಿಲ್ಲ. "ಅರ್ಧಾ ಬಂಗು ಇಟ್ಕೊಂಡು ಕುಂದರ್ಲೇನ್ರಿ?" ಎಂದು ಎರಡೂ ಕೆನ್ನೆಗೆ ಹಚ್ಚಿಕೊಂಡಳು. ಹಣೆಗೆ ಹಚ್ಚಿಕೊಳ್ಳಲಿಲ್ಲ, ಅಲ್ಲಿ ಬಂಗು ಇರಲಿಲ್ಲ.

ಬಾಜೂ ಮನೆಯ ಗೆಳತಿಗೆ ಈ ವಿಷಯ ಅದೇ ದಿನ ತಿಳಿಯಿತು. ಅವಳೂ ನನ್ನ ವಯಸ್ಸಿನವಳೇ. ಕಟ್ಟೆಯ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತ ಓಣಿಯ ಆಗುಹೋಗುಗಳಿಗೆ ತೀರ್ಪು ಕೊಡುವವಳು.

"ಅರ್ಧನಾರೀಶ್ವರನ್ನ ಕೇಳಿದ್ದೆ" ಎಂದಳು. "ಅರ್ಧಸುಂದ್ರೀನ ಈಗ ನೋಡಾಕತ್ತೇನಿ. ಲೇ, ಯಾವ ಕಡೆ ವರಾ ಹುಡುಕೂಣು ನಿನಗ, ಎಡಕ್ಕೋ ಬಲಕ್ಕೋ?"

"ನಿನ್ನ ನಾಲಿಗಿಗೂ ಹಚ್ಚತೇನಿ ಬಾ, ಸ್ವಚ್ಛ ಆಗ್ಲಿ."

"ಅದಕ್ಕ ಒಂದ ಬಾಟ್ಲಿ ಸಾಲಂಗಿಲ್ಲ ಬೇ."

ದಿನವೂ ಮುಂಜಾನೆ ಸ್ನಾನ ಮಾಡಿ ಬಂದು, ಬಾಟಲಿಯ ಮೇಲೆ ಬರೆದಂತೆ ಒದ್ದೆ ಮುಖಕ್ಕೆ ಹನಿ ಹಾಕಿ ಸವರಿಕೊಳ್ಳುತ್ತಿದ್ದೆ. ತುಸು ಚುರುಚುರು ಎನ್ನುತ್ತಿತ್ತು. ಆಮೇಲೆ ಎಂದಿನಂತೆ ವಿಭೂತಿಯ ಗಟ್ಟಿಯನ್ನು ನೀರಿನಲ್ಲಿ ತೇಯ್ದು, ಮೂರು ಬೆರಳಿನಿಂದ ಹಣೆಯ ಉದ್ದಕ್ಕೂ ಎಳೆದುಕೊಂಡು ಲಿಂಗಪೂಜೆಗೆ ಕೂರುತ್ತಿದ್ದೆ. ಬುದ್ಧಿ ಬಂದಾಗಿನಿಂದ ಹೀಗೆಯೇ ನಡೆದುಬಂದಿದೆ. ಸೀರಮ್ ಹಚ್ಚಿದ ಮೇಲೆ ಏನನ್ನು ಹಚ್ಚಬಾರದು ಎಂದು ಬಾಟಲಿಯಲ್ಲಿ ಬರೆದಿರಲಿಲ್ಲ. ಬರೆದವರ ಮನೆಯಲ್ಲಿ ಸ್ನಾನದ ಮರುಗಳಿಗೆ ವಿಭೂತಿ ಹಚ್ಚುವ ಮುದುಕಿಯರು ಇರಲಿಕ್ಕಿಲ್ಲ.

ಕಡಲೆಯ ರಾಶಿ ಮುಗಿಯುವ ಹೊತ್ತಿಗೆ ಬಾಟಲಿ ಅರ್ಧವಾಗಿತ್ತು. ಬಂದಾಗ ನೀರಿನಂತೆ ತಿಳಿಯಾಗಿದ್ದದ್ದು ಚಹಾದ ಬಣ್ಣಕ್ಕೆ ತಿರುಗಿತ್ತು. ಬಣ್ಣ ಬದಲಾದರೆ ಅಪ್ಪಟ ನ್ಯಾಚುರಲ್ ಎಂದು ಅರ್ಥ ಎಂದು ಮ್ಯಾಡಮ್ ಫೋನಿನಲ್ಲಿ ಹೇಳಿದಳಂತೆ. ಹಳಸಿದ ಸಾರೂ ಅಪ್ಪಟ ನ್ಯಾಚುರಲ್ಲೇ ಎಂದು ನಾನು ಅಂದದ್ದನ್ನು ಸೊಸೆ ಅವಳಿಗೆ ತಲುಪಿಸಲಿಲ್ಲ.

ಒಂದು ಮಧ್ಯಾಹ್ನ ಬಿಸಿಲಿಗೆ ಬೇಸತ್ತು ಮುಖ ತೊಳೆದು ಕಟ್ಟೆಗೆ ಬಂದೆ. ಗೆಳತಿ ಬೆಳ್ಳುಳ್ಳಿ ಬಿಟ್ಟು ನನ್ನನ್ನೇ ನೋಡಿದಳು.

"ವಿಭೂತಿ ತೊಳಕೊಂಡಿಲ್ಲೇನ?"

"ತೊಳಕೊಂಡೇನಿ."

"ಮತ್ತ ಅರ್ಧಾ ಹಣಿಗೆ ಮೂರ ಗೆರಿ ಅದಾವಲ್ಲ, ಚಾ ಚೆಲ್ಲಿದಂಗ?"

ಒಳಗೆ ಹೋಗಿ ಪಾರ್ಲರಿನ ದೊಡ್ಡ ಕನ್ನಡಿಯಲ್ಲಿ ನೋಡಿಕೊಂಡೆ. ಎಡ ಹಣೆಯಲ್ಲಿ ಮೂರು ಕಂದು ಗೆರೆಗಳು ಹುಬ್ಬಿನ ನಡುವಿನಿಂದ ಕಿವಿಯ ಕಡೆಗೆ ಹೋಗಿದ್ದವು. ಬಲ ಹಣೆ ಎಂದಿನ ಹಾಗಿತ್ತು. ಸಾಬೂನು ಹಚ್ಚಿದೆ, ಕಡಲೆಹಿಟ್ಟು ಹಚ್ಚಿದೆ, ಹೋಗಲಿಲ್ಲ. ಸೊಸೆ ಪರದೆ ಸರಿಸಿ ಬಂದವಳು ಎದೆಯ ಮೇಲೆ ಕೈ ಇಟ್ಟುಕೊಂಡಳು. ಅವಳ ಮೊದಲ ಮಾತು: "ಅತ್ತಿ, ನಿಮ್ಮ ಕೈ ಮುಗೀತೇನಿ, ಸದ್ಯಕ್ಕ ಹೊರಗ ಹೋಗಬ್ಯಾಡ್ರಿ." ಅವಳ ಚಿಂತೆ ನನಗೆ ಅರ್ಥವಾಯಿತು. ನನ್ನ ಹಣೆ ಆಗ ನನ್ನದಾಗಿರಲಿಲ್ಲ. ಅವಳ ಅಂಗಡಿಯ ಬಾಗಿಲಾಗಿತ್ತು.

ಈಗ ಎರಡು ವಿವರಣೆಗಳು ಸಿದ್ಧವಾದವು. ಮ್ಯಾಡಮ್ಮಿನದು ಫೋನಿನಲ್ಲಿ, ಎಲ್ಲರಿಗೂ ಕೇಳಿಸುವ ಹಾಗೆ: "ಏನೂ ಹೆದರಬೇಡಿ. ಆಂಟಿಯ ಚರ್ಮದ ಒಳಗಿನ ಕೊಳೆ ಹೊರಗೆ ಬರ್ತಾ ಇದೆ."

"ಒಳಗಿನ ಕೊಳಿ ಮೂರ ಬೆರಳಿನ ಅಳತಿ ತಗೊಂಡು, ಬರೇ ಎಡಕ್ಕ ಯಾಕ ಬರತೈತಂತ ಕೇಳು" ಎಂದೆ. ಸೊಸೆ ಫೋನನ್ನು ಎದೆಗೆ ಒತ್ತಿ ಹಿಡಿದಳು.

ಗೆಳತಿಯದು ಇನ್ನೊಂದು: "ಆ ಬಾಟ್ಲಿಯೊಳಗ ಏನೋ ಹೊಲಸ ಐತಿ. ವಿಭೂತಿ ಅದನ್ನ ತೋರಿಸಿಕೊಟ್ಟೈತಿ. ಶಿವನ ಮುಂದ ಆಟ ನಡಿಯೂದಿಲ್ಲ."

ಓಣಿ ಈ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಲು ತಯಾರಾಗಿತ್ತು. ನನಗೆ ಎರಡರ ಮೇಲೂ ನಂಬಿಕೆ ಬರಲಿಲ್ಲ. ನಿಜ ಹೇಳಬೇಕೆಂದರೆ ಆಗ ಎರಡನ್ನೂ ಬಿಟ್ಟು ಮಲಗಿಬಿಡುವಷ್ಟು ದಣಿವಾಗಿತ್ತು. ನಂಬದವರಿಗೆ ಕೆಲಸ ಹೆಚ್ಚು. ನಂಬುವವರು ಊಟ ಮಾಡಿ ಕೈ ತೊಳೆಯುವ ಹೊತ್ತಿಗೂ ನಾವು ಇನ್ನೂ ಕಾಳು ಆರಿಸುತ್ತಿರುತ್ತೇವೆ.

ಆದರೂ ಮಾಡಿದೆ. ಮುಂಗೈಯ ಒಳಭಾಗದಲ್ಲಿ ಒಂದು ಕಡೆ ಸೀರಮ್ ಮಾತ್ರ, ಒಂದು ಕಡೆ ವಿಭೂತಿ ಮಾತ್ರ, ಮತ್ತೊಂದು ಕಡೆ ಎರಡನ್ನೂ ಒಂದರ ಮೇಲೊಂದು ಹಚ್ಚಿದೆ. ಕೆಲವು ದಿನ ಹೀಗೆಯೇ ನಡೆಸಿದೆ. ಸೀರಮ್ ಮಾತ್ರ ಇದ್ದಲ್ಲಿ ಕಂಡೂ ಕಾಣದ ಹಳದಿ. ವಿಭೂತಿ ಮಾತ್ರ ಇದ್ದಲ್ಲಿ ಏನೂ ಇಲ್ಲ. ಎರಡೂ ಕೂಡಿದಲ್ಲಿ ಅದೇ ಚಹಾದ ಕಲೆ. ಆಮೇಲೆ ನಮ್ಮ ಅಡುಗೆಮನೆಯ ಪರೀಕ್ಷೆಯೊಂದಿದೆ. ಅರಿಶಿನಕ್ಕೆ ಸುಣ್ಣ ತಾಗಿದರೆ ಕೆಂಪಾಗುತ್ತದೆಂಬುದು ಆರತಿಯ ನೀರು ಕಲಸಿದ ಪ್ರತಿ ಹೆಣ್ಣಿಗೂ ಗೊತ್ತು. ತೇಯ್ದ ವಿಭೂತಿಯನ್ನು ಅರಿಶಿನಕ್ಕೆ ಸೇರಿಸಿದೆ. ನಿಧಾನವಾಗಿ ಇಟ್ಟಂಗಿಯ ಕೆಂಪು ಬಂತು. ಅಂದರೆ ವಿಭೂತಿ ಸುಣ್ಣದ ಬಳಗ. ಸೀರಮ್ ನಿಂಬೆಯ ಬಳಗ. ಗಟ್ಟಿಯ ಮೇಲೆ ಸೀರಮ್ಮಿನ ಹನಿ ಬಿಟ್ಟಾಗ ಸಣ್ಣ ಗುಳ್ಳೆಗಳೆದ್ದವು. ಹೋಳು ಮಾಡಿದ ಬದನೆಕಾಯಿ ಗಾಳಿಗೆ ಕಪ್ಪಾಗುವಂತೆ ಈ ಹುಳಿಯೂ ಗಾಳಿಗೆ ಕೆಟ್ಟು ಕಂದಾಗುವ ಸ್ವಭಾವದ್ದು, ಬಾಟಲಿಯೊಳಗೇ ಆಗುತ್ತಿತ್ತು, ಬೂದಿ ತಾಗಿದಲ್ಲಿ ಬೇಗ ಆಯಿತು. ಇದರ ಪೂರ್ಣ ರಸಾಯನಶಾಸ್ತ್ರ ನನಗೆ ತಿಳಿಯದು. ಇಷ್ಟು ಮಾತ್ರ ಕೈಯ ಮೇಲೆ ಕಂಡೆ.

ಗೆಳತಿಗೆ ತೋರಿಸಿದರೆ ಸಿಟ್ಟು ಬಂತು. "ವಿಭೂತೀನ ಪರೀಕ್ಷಾ ಮಾಡಾಕತ್ತೀಯೇನ ಲೇ? ನಿನಗ ದೇವರ ಒಬ್ಬಾಂವ ಉಳದಿದ್ದ, ಅವನ್ನೂ ಬಿಡಲಿಲ್ಲ."

ದೇವರನ್ನು ಪರೀಕ್ಷಿಸಿರಲಿಲ್ಲ, ಗಟ್ಟಿಯನ್ನು ಪರೀಕ್ಷಿಸಿದ್ದೆ. ಆ ಗಟ್ಟಿಯ ಹೊದಿಕೆಯ ಮೇಲೂ 'ಶುದ್ಧ' ಎಂದೇ ಅಚ್ಚಾಗಿತ್ತು. ಸಗಣಿಯ ಬೂದಿ ಅಷ್ಟು ಬೆಳ್ಳಗೆ ಹೇಗಾಗುತ್ತದೆಂದು ನನಗೆ ಹಿಂದಿನಿಂದಲೂ ಒಂದು ಪ್ರಶ್ನೆಯಿದೆ; ಉತ್ತರ ಹೇಳಿದವರಿಲ್ಲ. ಹೇಗೂ ಇರಲಿ, ಎರಡು ಶುದ್ಧಗಳು ಕೂಡಿ ನನ್ನ ಹಣೆಯಲ್ಲಿ ಒಂದು ಕಲೆ ಮಾಡಿದ್ದವು. ವಿಭೂತಿಯನ್ನು ನಾನು ಬಿಡಲಿಲ್ಲ. ಹಣೆಗೆ ಸೀರಮ್ ಹಚ್ಚುವುದನ್ನು ಬಿಟ್ಟೆ. ಗೆರೆಗಳು ಮಾಸತೊಡಗಿದವು.

ವಿಡಿಯೋದ ದಿನ ಬಂತು. ಮ್ಯಾಡಮ್ ಫೋನಿನಲ್ಲಿಯೇ ಕೂರುವ ರೀತಿ ಹೇಳಿಕೊಟ್ಟಳು. ಆಂಟಿ ಹಣೆ ಒರೆಸಿಕೊಳ್ಳಲಿ, ವಿಭೂತಿ ಬೇಡ. ಬಲಗಡೆಯ ಮುಖ ಮಾತ್ರ ಕಾಣುವಂತೆ ಕೂರಲಿ. ಗೆರೆಯ ಸಂಗತಿ ಎತ್ತುವುದು ಬೇಡ, ಅದು ಒಬ್ಬರಿಗೆ ಆದದ್ದು. ಹಚ್ಚದೆ ಬಿಟ್ಟ ಅರ್ಧವನ್ನು ತೋರಿಸಿ, ಹಚ್ಚಿದ್ದರಿಂದ ಹೀಗಾಯಿತು ಎನ್ನಬೇಕಿತ್ತು.

ಫೋನು ಇಟ್ಟು ಸೊಸೆ ಒಳಗೆ ಹೋಗಿ ಒದ್ದೆ ಬಟ್ಟೆ ತಂದಳು. ನನ್ನ ಮುಂದೆ ಬಂದು ನಿಂತಳು.

"ಒಂದ ನಿಮಿಷದ ಮಾತ್ರಿ ಅತ್ತಿ. ಆಮ್ಯಾಲ ಮತ್ತ ಹಚ್ಕೊಳ್ರಿ."

"ಒಂದ ನಿಮಿಷದ್ದಾದ್ರ ನೀನ ಒರಸು" ಎಂದೆ.

ಅದನ್ನು ಸಿಟ್ಟಿನಿಂದ ಹೇಳಲಿಲ್ಲ. ಅವಳು ಒರೆಸಿದ್ದರೆ ನಾನು ಬಹುಶಃ ಸುಮ್ಮನಿರುತ್ತಿದ್ದೆ; ಅವಳ ಹಟವೂ ಬದುಕಿನದೇ. ಅವಳು ಬಟ್ಟೆಯನ್ನು ನನ್ನ ಹಣೆಯ ಹತ್ತಿರ ತಂದಳು. ಬಟ್ಟೆಯಿಂದ ಒಂದು ಹನಿ ನನ್ನ ಸೀರೆಯ ಮೇಲೆ ಬಿತ್ತು. ಅವಳು ನನ್ನ ಹಣೆಯನ್ನೇ ನೋಡುತ್ತಿದ್ದಳು. ಹಸಿ ವಿಭೂತಿಯ ಕೆಳಗೆ ಹಳೆಯ ಗೆರೆ ಇನ್ನೂ ತುಸು ಕಾಣುತ್ತಿದ್ದಿರಬೇಕು.

"ಇಲ್ಲಿ ಬರೂ ಹೆಂಗಸರೆಲ್ಲಾ ವಿಭೂತಿ ಹಚ್ಕೊಂಡ ಬರ್ತಾರ" ಎಂದಳು, ನನಗೆ ಹೇಳಿದಂತೆ ಅಲ್ಲ. ಬಟ್ಟೆಯನ್ನು ಕುರ್ಚಿಯ ಕೈಗೆ ಹಾಕಿದಳು. "ಹಂಗ ಮಾತಾಡ್ರಿ. ನಿಮಗ ತಿಳದಂಗ."

ಮಾತಾಡಿದೆ. ಇದರಲ್ಲಿ ಕಿತ್ತಳೆ ಇಲ್ಲ, ಹುಳಿಯ ಆಮ್ಲ ಇದೆ. ಅದು ಕೆಟ್ಟದ್ದಲ್ಲ, ಆದರೆ ಕೆಮಿಕಲ್ ಅಲ್ಲವೆಂಬುದು ಸುಳ್ಳು. ಹಚ್ಚಿದ ಕೆನ್ನೆ ತುಸು ಮೆತ್ತಗಾಗಿದೆ. ಸುಕ್ಕು ಎರಡೂ ಕಡೆ ಸಮನಾಗಿದೆ. ಹಚ್ಚಿದ ಕೂಡಲೇ ವಿಭೂತಿ ಎಳೆದರೆ ಕಲೆಯಾಗುತ್ತದೆ. ಹಚ್ಚುವುದಾದರೆ ಮಲಗುವಾಗ ಹಚ್ಚಿ, ಮುಂಜಾನೆ ತೊಳೆದು, ಆಮೇಲೆ ವಿಭೂತಿ. ಚಹಾದ ಬಣ್ಣಕ್ಕೆ ತಿರುಗಿದ್ದನ್ನು ಚೆಲ್ಲಿರಿ. ಹೀಗೆ ಹೇಳಿ ಎರಡೂ ಕೆನ್ನೆಗಳನ್ನು ತಿರುಗಿಸಿ ತೋರಿಸಿದೆ. ಸೊಸೆ ಎಲ್ಲಿಯೂ ಕತ್ತರಿಸದೆ ಅದನ್ನು ಮ್ಯಾಡಮ್ಮಿಗೂ ಕಳಿಸಿದಳು, ತನ್ನ ಗಿರಾಕಿಗಳ ಫೋನಿನ ಗುಂಪಿಗೂ ಹಾಕಿದಳು.

ಆಮೇಲೆ ಮ್ಯಾಡಮ್ಮಿನ ಫೋನು ಬರಲಿಲ್ಲ. ಮಾರಾಟದ ಹಕ್ಕು ಬಸ್‌ಸ್ಟ್ಯಾಂಡಿನ ಹತ್ತಿರದ ಇನ್ನೊಂದು ಪಾರ್ಲರಿಗೆ ಹೋಯಿತೆಂದು ಗೆಳತಿಯಿಂದ ತಿಳಿಯಿತು. ಅಲ್ಲಿ ಬೋರ್ಡೂ ಬಂತು. ಸೊಸೆ ನನಗೆ ಕೆಟ್ಟ ಮಾತಾಡಲಿಲ್ಲ. ಆದರೆ ಆ ದಿನಗಳಲ್ಲಿ ಅವಳು ರೊಟ್ಟಿ ಬಡಿಯುವ ಸಪ್ಪಳ ಓಣಿಗೆಲ್ಲ ಕೇಳುತ್ತಿತ್ತು. ಒಮ್ಮೆ ಹಿಟ್ಟು ನಾದುತ್ತಲೇ, "ನಿಮ್ಮ ಖರೇ ಮಾತಿಗೊಂದು ಬೋರ್ಡ್ ಹಾಕ್ಸೂಣ್ರಿ ಅತ್ತಿ, ಅದನ್ನ ನೋಡೇ ಮಂದಿ ಪಾಳಿ ಹಚ್ತಾರ" ಎಂದಳು.

ಯುಗಾದಿ ಕಳೆದ ಮೇಲೆ ಒಬ್ಬಳು ಸೆರಗನ್ನು ಹುಬ್ಬಿನವರೆಗೆ ಎಳೆದುಕೊಂಡು ಬಂದಳು. ಪರದೆಯ ಒಳಗೆ ಸೆರಗು ಸರಿಸಿದರೆ ಹಣೆಯ ತುಂಬ ಮೂರು ಕಂದು ಗೆರೆಗಳು. ಅವಳ ಹಿಂದೆ ಇನ್ನಿಬ್ಬರು ಬಂದರು. ಬಸ್‌ಸ್ಟ್ಯಾಂಡಿನ ಪಾರ್ಲರಿನಿಂದ ಬಾಟಲಿ ಕೊಂಡವರು. ಹೆದರಬೇಡಿ, ಹಣೆಗೆ ಸೀರಮ್ ಹಚ್ಚುವುದು ನಿಲ್ಲಿಸಿದರೆ ತಾನಾಗಿ ಹೋಗುತ್ತದೆ ಎಂದಳು ಸೊಸೆ.

"ನಿನಗ ಮೊದಲ ಗೊತ್ತಿತ್ತೇನ?" ಎಂದು ಒಬ್ಬಳು ಗದರಿಸಿದಳು. "ಗೊತ್ತಿದ್ರ ಹೇಳಬಾರದಾಗಿತ್ತ?"

"ಹೇಳಿದ್ದೆ ಅಲ್ರಿ, ಗುಂಪಿನ್ಯಾಗ ನಮ್ಮ ಅತ್ತೀದು ವಿಡಿಯೋ ಹಾಕಿದ್ದೆ."

"ಅದನ್ಯಾರ ನೋಡ್ತಾರವಾ? ಮುದುಕಿ ಒಂದ ಸವನ ಮಾತಾಡಾಕತ್ತಿತ್ತು, ಮುಂದ ದೂಡಿದೆ."

ನಾನು ಪರದೆಯ ಈಚೆ ಕೂತು ಅಕ್ಕಿ ಆರಿಸುತ್ತಿದ್ದೆ. ಆ ಮೂವರೂ ಬಂದದ್ದಕ್ಕೆ ಹುಬ್ಬು ಮಾಡಿಸಿಕೊಂಡು ಹೋದರು. ಮುಂದಿನ ವಾರ ಒಬ್ಬಳು ತನ್ನ ತಂಗಿಯನ್ನು ಕರೆತಂದು, ಹುಬ್ಬಳ್ಳಿಯಿಂದ ತಂದ ಬೇರೊಂದು ಡಬ್ಬಿಯನ್ನು ಮುಂದಿಟ್ಟು, "ಇದನ್ನ ಹಚ್ಚಬೇಕೋ ಬ್ಯಾಡೋ, ನೋಡಿ ಹೇಳು" ಎಂದಳು. ಸೊಸೆ ಡಬ್ಬಿಯ ಮುಂಭಾಗ ನೋಡದೆ ತಿರುಗಿಸಿ, ಭೂತಗನ್ನಡಿ ಎಲ್ಲಿದೆ ಎಂದು ನನ್ನನ್ನು ಕೇಳಿದಳು. ಅಂಥವರು ಆಗಾಗ ಬರತೊಡಗಿದರು. ಪಾಳಿ ಹಚ್ಚಿ ಸಾಲು ನಿಲ್ಲುವಷ್ಟೇನೂ ಅಲ್ಲ.

ಅವಳು ಸೀರಮ್ಮನ್ನು ಬಿಡಲಿಲ್ಲ. ಹೊಸ ಬಾಟಲಿ ತರಿಸಿ, ಮಲಗುವ ಮುಂಚೆ ಕೆನ್ನೆಗಳಿಗೆ ಹಚ್ಚಿಕೊಳ್ಳುತ್ತಿದ್ದಳು. ಸ್ಕೂಟರಿನಲ್ಲಿ ಹೊರಟರೆ ಮುಖಕ್ಕೆ ಸ್ಕಾರ್ಫ್ ಕಟ್ಟತೊಡಗಿದ್ದಳು. ಒಂದು ಮುಂಜಾನೆ ಗಿರಾಕಿಗಳು ಬರುವ ಮುಂಚೆ ತಲಬಾಗಿಲಿನ ಬೆಳಕಿಗೆ ಬಂದು ನನ್ನ ಮುಂದೆ ಕುಕ್ಕುರುಗಾಲಿನಲ್ಲಿ ಕೂತಳು.

"ಈಗ ಫೋನಿಗಲ್ಲ, ನನಗ ಹೇಳ್ರಿ. ಬಂಗು ಇಳದೈತೋ ಇಲ್ಲೋ?"

ಗಲ್ಲ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿದೆ. ಮೊದಲು ಎಷ್ಟಿತ್ತೆಂಬುದನ್ನು ನೆನಪಿನಿಂದಲೇ ಅಳೆಯಬೇಕಿತ್ತು. ಹೋಲಿಸಲು ಹಚ್ಚದೆ ಬಿಟ್ಟ ಅರ್ಧ ಅವಳಲ್ಲಿ ಇರಲಿಲ್ಲ.

"ಇಳದಂಗ ಕಾಣತೈತಿ" ಎಂದೆ. "ಆದ್ರ ಅದು ಬಾಟ್ಲಿದು ಹಚ್ಚಿದ್ದಕ್ಕೋ, ಸ್ಕಾರ್ಫ್ ಕಟ್ಟಿದ್ದಕ್ಕೋ, ಹೆರಿಗಿ ಆಗಿ ದಿನಾ ಕಳದದ್ದಕ್ಕೋ ನನಗ ಗೊತ್ತಾಗಂಗಿಲ್ಲ."

ಅಷ್ಟರಲ್ಲಿ ಅವಳು ಎದ್ದಿದ್ದಳು. "ಇಳದೈತಿ ಅಂದ್ರಲ್ಲ, ಸಾಕ್ರಿ" ಎಂದು ಹೊರಗೆ ಚಪ್ಪಲಿ ಬಿಡುತ್ತಿದ್ದ ಗಿರಾಕಿಯನ್ನು ಒಳಗೆ ಕರೆದಳು. ಇಳಿದಂತೆ ಕಾಣುತ್ತದೆ ಎಂದದ್ದು, ಇಳಿದಿದೆ ಎಂದದ್ದಲ್ಲ ಎಂದು ತಿದ್ದಲು ಬಾಯಿ ತೆರೆದಿದ್ದೆ. ಅವಳು ಆಗಲೇ ದಾರದ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಕುರ್ಚಿಯ ಮೇಲೆ ಬಾಗಿದ್ದಳು. ನಾನು ಆರಿಸಬೇಕಾಗಿದ್ದ ಅಕ್ಕಿಯ ಮೊರವನ್ನು ತೊಡೆಯ ಮೇಲೆ ಎಳೆದುಕೊಂಡೆ.